ಹಚ್ಚಾಕ ಹತ್ತು ದಾರಿ, ತೆಗಿಯಾಕ ಕತ್ತರಿ ಒಂದ: ತಲೆಗೆ ಹಚ್ಚುವ ಬಣ್ಣದ ಕಥೆ

ಮದುವೆ ಸೀಜನ್ ಶುರುವಾಗುವ ಹೊತ್ತು. ಕಾರಟಗಿಯ ಒಂದು ಕಟಿಂಗ್ ಅಂಗಡಿಯಲ್ಲಿ ನನ್ನ ಪಾಳಿಗೆ ಕಾಯುತ್ತ ಕುಳಿತಿದ್ದೆ. ಇಪ್ಪತ್ತರ ಆಸುಪಾಸಿನ ಹುಡುಗನೊಬ್ಬ ತಲೆಗೆ ಟವೆಲ್ ಸುತ್ತಿಕೊಂಡು ಒಳಗೆ ಬಂದ. ಟವೆಲ್ ತೆಗೆದರೆ ನೆತ್ತಿಯ ಚರ್ಮ ಕೆಂಪಾಗಿ ಸುಲಿದಿತ್ತು. ಎರಡು ತಿಂಗಳ ಹಿಂದೆ ಹಚ್ಚಿಸಿಕೊಂಡಿದ್ದ ಬಣ್ಣ ಮಾತ್ರ ಅಲ್ಲಲ್ಲಿ ಹಾಗೇ ಉಳಿದಿತ್ತು. ಅಕ್ಕನ ಮದುವೆಯೊಳಗೆ ಅದನ್ನು ತೆಗೆಯಲೇಬೇಕು ಎಂದು ಅವರಪ್ಪ ಹಟ ಹಿಡಿದಿದ್ದರಂತೆ.

“ಮೊಬೈಲ್‌ನ್ಯಾಗ ಬ್ಲೀಚ್ ಹಚ್ರಿ ಅಂದಿದ್ರಣ್ಣ. ನಮ್ಮೂರ ನೀರಿನ ಟ್ಯಾಂಕಿಗೆ ಹಾಕ್ತಾರಲ್ಲ, ಅದನ್ನ ಕಲಸಿ ಹಚ್ಚಿದೆ” ಅಂದ.

ಅಂಗಡಿಯ ಹಿರಿಯರು ಕತ್ತರಿ ಕೆಳಗಿಟ್ಟರು. “ತಮ್ಮಾ, ಹಚ್ಚಾಕ ಹತ್ತು ದಾರಿ ಅದಾವು, ತೆಗಿಯಾಕ ಕತ್ತರಿ ಒಂದ. ಮೊದಲ ದವಾಖಾನಿಗೆ ನಡಿ” ಎಂದು ಅವನನ್ನು ಕಳಿಸಿದರು.

ಮನೆಗೆ ಬಂದ ಮೇಲೂ ಆ ಮಾತು ತಲೆಯಲ್ಲೇ ಇತ್ತು. ಹಚ್ಚಿದ ಬಣ್ಣ ತೆಗೆಯುವುದು ಯಾಕೆ ಇಷ್ಟು ಕಷ್ಟ? ಉತ್ತರ ತಲೆಬಣ್ಣದ ಚರಿತ್ರೆಯಲ್ಲೇ ಇದೆ.

ತಲೆಗೆ ಬಣ್ಣ ಹಚ್ಚುವುದು ಈಗಿನವರ ಶೋಕಿ ಎಂದು ಹಿರಿಯರು ಬೈಯುತ್ತಾರೆ. ಆದರೆ ಸುಮಾರು 1,500 ವರ್ಷದ ಹಿಂದೆ ವರಾಹಮಿಹಿರ ಬರೆದ ‘ಬೃಹತ್ಸಂಹಿತೆ’ಯಲ್ಲೇ ಬಿಳಿ ಕೂದಲು ಕಪ್ಪು ಮಾಡುವ ವಿಧಾನವಿದೆ. ಕಬ್ಬಿಣದ ಪಾತ್ರೆಯಲ್ಲಿ ಹುಳಿ ನೀರು ಹಾಕಿ, ಕಬ್ಬಿಣದ ಪುಡಿಯ ಜೊತೆ ಹಾರಕದ ಅಕ್ಕಿ ಬೇಯಿಸಬೇಕು. ಅದನ್ನು ನುಣ್ಣಗೆ ಅರೆದು ತಲೆಗೆ ಹಚ್ಚಿ, ಹಸಿ ಎಲೆ ಸುತ್ತಿ ಎರಡು ಜಾವ, ಅಂದರೆ ಆರು ತಾಸು ಇರಬೇಕು. ಆಮೇಲೆ ಅದನ್ನು ತೆಗೆದು ನೆಲ್ಲಿಕಾಯಿ ಹಚ್ಚಿ ಮತ್ತೆ ಆರು ತಾಸು. ಕಬ್ಬಿಣವೂ ನೆಲ್ಲಿಕಾಯಿಯ ಒಗರೂ ಸೇರಿದರೆ ಕಪ್ಪು ಹುಟ್ಟುತ್ತದೆ. ಹಳೆಯ ಕಾಲದ ಮಸಿ ತಯಾರಾಗುತ್ತಿದ್ದದ್ದೂ ಇದೇ ಲೆಕ್ಕದಲ್ಲಿ.

ಇದರಲ್ಲಿ ಇನ್ನೊಂದು ಮಾತಿದೆ. ಬಣ್ಣ ಹಚ್ಚಿದ ಮೇಲೆ ತಲೆಗೆ ಹತ್ತಿದ ಕಬ್ಬಿಣದ ವಾಸನೆ, ಹುಳಿ ವಾಸನೆ ಹೋಗಲು ಪರಿಮಳದ ಎಣ್ಣೆ, ತಲೆಸ್ನಾನ ಹೇಳಿದ್ದಾನೆ. ಅಂದರೆ ವಾಸನೆ ತೆಗೆಯುವ ಚಿಂತೆ ಇತ್ತು. ಬಣ್ಣ ಉಳಿಯಬೇಕು ಎಂಬುದೇ ಅಲ್ಲಿನ ಆಸೆ.

ನಮ್ಮ ಮನೆಗಳ ಮದರಂಗಿಯದ್ದೂ ಅದೇ ಗುಣ. ಅದರ ಎಲೆಯೊಳಗಿನ ಬಣ್ಣದ ಅಂಶ ಕೂದಲಿನ ಪ್ರೋಟೀನಿಗೆ ನೇರವಾಗಿ ಅಂಟಿಕೊಳ್ಳುತ್ತದೆ. ಕೈಯ ಮದರಂಗಿ ಹೋಗುವುದು ಚರ್ಮದ ಮೇಲ್ಪದರ ತಾನಾಗಿ ಉದುರುವುದರಿಂದ. ಕೂದಲಿಗೆ ಹಾಗೆ ಉದುರುವ ಪದರ ಇಲ್ಲ. ಅದಕ್ಕೇ ಅಜ್ಜಿಯ ಕೂದಲಿನ ಕೆಂಪು ಎಷ್ಟು ಸೀಗೆಕಾಯಿ ಹಾಕಿದರೂ ಹೋಗುತ್ತಿರಲಿಲ್ಲ.

ಈಗಿನ ಡೈ ಹುಟ್ಟಿದ್ದು ಯುರೋಪಿನ ಬಟ್ಟೆ ಬಣ್ಣದ ಕಾಲದಲ್ಲಿ. 1856ರಲ್ಲಿ ವಿಲಿಯಂ ಪರ್ಕಿನ್ ಎಂಬ 18ರ ಹುಡುಗ ಲಂಡನ್ನಿನಲ್ಲಿ ಮಲೇರಿಯಾಕ್ಕೆ ಔಷಧ ಮಾಡಲು ಹೋಗಿ ನೇರಳೆ ಬಣ್ಣ ಕಂಡುಹಿಡಿದ. ಅವನ ಗುರು ಹಾಫ್‌ಮನ್ 1863ರಲ್ಲಿ ಪಿಪಿಡಿ ಎಂಬ ರಾಸಾಯನಿಕದ ಬಗ್ಗೆ ಬರೆದ. ಇವತ್ತಿನ ಬಹುಪಾಲು ಕಪ್ಪು ಡೈಗಳ ಜೀವಾಳ ಅದೇ. 1883ರ ಹೊತ್ತಿಗೆ ಫ್ರಾನ್ಸಿನಲ್ಲಿ ಈ ಜಾತಿಯ ರಾಸಾಯನಿಕವನ್ನು ಹೈಡ್ರೋಜನ್ ಪೆರಾಕ್ಸೈಡ್ ಜೊತೆ ಬಳಸುವ ಪೇಟೆಂಟ್ ಆಯಿತು. 1907ರಲ್ಲಿ ಯೂಜೀನ್ ಶ್ಯೂಲರ್ ಪ್ಯಾರಿಸ್ಸಿನಲ್ಲಿ ಡೈ ತಯಾರಿಸಿ ಕಟಿಂಗ್ ಅಂಗಡಿಗಳಿಗೆ ಮಾರತೊಡಗಿದ. ಅವನು 1909ರಲ್ಲಿ ಶುರು ಮಾಡಿದ ಕಂಪನಿಯೇ ಲೋರಿಯಲ್.

ಈ ಡೈ ಕೆಲಸ ಮಾಡುವ ರೀತಿ ನಮ್ಮ ಅಕ್ಕಿಯ ಊರಿನವರಿಗೆ ಬೇಗ ತಿಳಿಯುತ್ತದೆ. ಸಣ್ಣ ಬಾಯಿಯ ತಂಬಿಗೆಯಲ್ಲಿ ಅಕ್ಕಿ ಹಾಕಿ ಒಳಗೇ ಅನ್ನ ಮಾಡಿದಿರಿ ಎಂದುಕೊಳ್ಳಿ. ಹೋಗುವಾಗ ಕಾಳು ಸಲೀಸಾಗಿ ಹೋಯಿತು. ಉಬ್ಬಿ ಒಂದಕ್ಕೊಂದು ಅಂಟಿದ ಮೇಲೆ ಬಾಯಿಂದ ಹೊರಗೆ ಬಾ ಎಂದರೆ ಬಾರದು. ಡೈ ಕೂಡ ಸಣ್ಣ ಕಣವಾಗಿ ಕೂದಲೊಳಗೆ ಹೋಗಿ, ಪೆರಾಕ್ಸೈಡ್ ಜೊತೆ ಸೇರಿ, ದೊಡ್ಡ ಬಣ್ಣದ ಕಣವಾಗಿ ಒಳಗೇ ಸಿಕ್ಕಿಕೊಳ್ಳುತ್ತದೆ. ಶಾಂಪೂ, ನಿಂಬೆ, ಅಡುಗೆ ಸೋಡಾ ಏನು ಹಾಕಿದರೂ ಹೋಗುವುದು ಸ್ವಲ್ಪ ಮಾತ್ರ. ಉಜ್ಜಿದಷ್ಟೂ ಕೂದಲು ಒರಟಾಗುತ್ತದೆ.

ಹಾಗಾದರೆ ಬ್ಲೀಚ್? 1867ರ ಪ್ಯಾರಿಸ್ ಮಹಾ ಪ್ರದರ್ಶನದಲ್ಲಿ ಲಂಡನ್ನಿನ ಒಬ್ಬ ಕೆಮಿಸ್ಟ್, ಪ್ಯಾರಿಸ್ಸಿನ ಒಬ್ಬ ಕ್ಷೌರಿಕ ಸೇರಿ ಹೈಡ್ರೋಜನ್ ಪೆರಾಕ್ಸೈಡಿನಿಂದ ಕೂದಲಿನ ಬಣ್ಣ ಇಳಿಸಿ ತೋರಿಸಿದರು. ಪಾರ್ಲರ್‌ನ ಬ್ಲೀಚ್ ಆ ವಂಶದ್ದು. ಅದು ಡೈಯನ್ನೂ ಒಡೆಯುತ್ತದೆ, ನಮ್ಮ ಸ್ವಂತ ಕಪ್ಪನ್ನೂ ಒಡೆಯುತ್ತದೆ. ಉಳಿಯುವುದು ಕಿತ್ತಳೆ ಬಣ್ಣ. ಹುಟ್ಟಿದಾಗಿನ ಕೂದಲು ವಾಪಸ್ ಬರುವುದಿಲ್ಲ.

ಪಂಚಾಯ್ತಿಯವರು ಟ್ಯಾಂಕಿಗೆ ಹಾಕುವ ಬ್ಲೀಚಿಂಗ್ ಪೌಡರ್ ಬೇರೆಯೇ ವಸ್ತು. ಅದು ಕ್ಲೋರಿನ್ ಪುಡಿ, ಚರ್ಮ ಸುಡುತ್ತದೆ. ಅದಕ್ಕೆ ನಿಂಬೆಹಣ್ಣು ಹಿಂಡಿದರೆ ವಿಷದ ಗಾಳಿ ಏಳುತ್ತದೆ. ಹೆಸರು ಒಂದೇ ಥರ ಕೇಳಿಸಿದ್ದಕ್ಕೆ ಆ ಹುಡುಗನ ನೆತ್ತಿ ಸುಟ್ಟಿತು.

ಕೂದಲಿನ ಬಣ್ಣ ಪೂರ್ತಿ ತೆಗೆಯುವ ಜಾಗಗಳೂ ಇವೆ. ಅದರ ದಾರಿ ನಮ್ಮ ಜಿಲ್ಲೆಯಿಂದಲೇ ಹೋಗುತ್ತದೆ. ಬಾಚುವಾಗ ಉದುರಿದ ಕೂದಲು ಸೇರಿಸಿಟ್ಟು, ಊರಿಗೆ ಬರುವವರಿಗೆ ಕೊಟ್ಟು ಪಾತ್ರೆ, ಪಿನ್ನು ತೆಗೆದುಕೊಳ್ಳುವುದು ನಮ್ಮ ಅವ್ವಂದಿರಿಗೆ ಗೊತ್ತು. ಕೊಪ್ಪಳದ ಪಕ್ಕದ ಭಾಗ್ಯನಗರ ಈ ಕೂದಲು ಉದ್ಯಮಕ್ಕೆ ಹೆಸರಾದ ಊರು. ಅಲ್ಲಿ ಸಿಕ್ಕು ಬಿಡಿಸಿ, ತೊಳೆದು, ಉದ್ದಕ್ಕೆ ತಕ್ಕಂತೆ ವಿಂಗಡಿಸುತ್ತಾರೆ. ಹೀಗೆ ಹೋಗುವ ಇಂಡಿಯಾದ ಕೂದಲು ವಿದೇಶದ ವಿಗ್ ಕಾರ್ಖಾನೆಗಳಲ್ಲಿ ಆಸಿಡ್ ತೊಟ್ಟಿಗೆ ಬೀಳುತ್ತದೆ. ಮೇಲಿನ ಪೊರೆ ಸುಲಿದು, ಬಣ್ಣ ಇಳಿಸಿ, ಬೇಕಾದ ಬಣ್ಣ ಏರಿಸುತ್ತಾರೆ. ಅಷ್ಟು ಮಾಡಬಹುದು, ಯಾಕೆಂದರೆ ಆ ಕೂದಲಿನ ಕೆಳಗೆ ತಲೆ ಇರುವುದಿಲ್ಲ.

ಹಾಗಾದರೆ ಕಡಿಮೆ ಖರ್ಚಿನಲ್ಲಿ ಮನೆಯಲ್ಲಿ ಏನು ಮಾಡಬಹುದು? ಹಣೆ, ಕಿವಿಗೆ ಹತ್ತಿದ ಕಲೆಗೆ ಕೊಬ್ಬರಿ ಎಣ್ಣೆ ಹಚ್ಚಿ ಮೆತ್ತಗೆ ಒರೆಸಿ. ಉಳಿದದ್ದು ಕೆಲವು ದಿನದಲ್ಲಿ ಚರ್ಮದ ಜೊತೆಗೇ ಹೋಗುತ್ತದೆ. ನಿನ್ನೆ ಮೊನ್ನೆ ಹಚ್ಚಿದ ಬಣ್ಣ ತೀರಾ ಗಾಢ ಎನಿಸಿದರೆ ನಾಲ್ಕೈದು ಸಲ ಶಾಂಪೂ ಹಾಕಿ, ಎಣ್ಣೆ ಹಚ್ಚುತ್ತ ಬನ್ನಿ. ಸ್ವಲ್ಪ ತಿಳಿಯಾಗುತ್ತದೆ. ಹಳೆಯ ಬಣ್ಣಕ್ಕೆ ಕಾಯುವುದೇ ದಾರಿ. ಕೂದಲು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್ ಬೆಳೆಯುತ್ತದೆ. ಚಿಕ್ಕದಾಗಿ ಕಟಿಂಗ್ ಮಾಡಿಸುವ ಗಂಡಸರಿಗೆ ಮೂರ್ನಾಲ್ಕು ತಿಂಗಳು ಸಾಕು. ಉದ್ದ ಜಡೆಯವರು ಬುಡಕ್ಕೆ ಹೊಸದಾಗಿ ಹಚ್ಚುವುದನ್ನು ನಿಲ್ಲಿಸಿ, ತುದಿಯನ್ನು ಆಗಾಗ ಕತ್ತರಿಸುತ್ತ ಬರಬೇಕು. ಬ್ಲೀಚ್ ಮಾಡಿಸಲೇಬೇಕೆಂದರೆ ಪಾರ್ಲರ್‌ಗೇ ಹೋಗಿ, ಮೊದಲು ಏನೇನು ಹಚ್ಚಿದ್ದಿರಿ ಎಂದು ಮುಚ್ಚಿಡದೆ ಹೇಳಿ. ಕೆಲವು ಮೆಹಂದಿ ಪುಡಿಗಳಲ್ಲಿ ಲೋಹದ ಲವಣ ಇರುತ್ತದೆ. ಅದರ ಮೇಲೆ ಪೆರಾಕ್ಸೈಡ್ ಬಿದ್ದರೆ ಕೂದಲು ಕಾದು ಹಾಳಾಗುತ್ತದೆ.

ಡೈ ಹಚ್ಚಿದ ಮೇಲೆ ತುರಿಕೆ, ಮುಖದ ಊತ ಬಂದರೆ ತೆಗೆಯುವ ಉಪಾಯ ಹುಡುಕುತ್ತ ಕೂರಬೇಡಿ. ಧಾರಾಳ ನೀರಿನಲ್ಲಿ ತೊಳೆದು ಡಾಕ್ಟರ ಹತ್ತಿರ ಹೋಗಿ. ಪಿಪಿಡಿ ಕೆಲವರಿಗೆ ಆಗಿಬರುವುದಿಲ್ಲ. ಮೊದಲು ಚರ್ಮಕ್ಕೆ ಸ್ವಲ್ಪ ಹಚ್ಚಿ ಪರೀಕ್ಷಿಸಿ, ಹುಬ್ಬು ರೆಪ್ಪೆಗೆ ಹಚ್ಚಬೇಡಿ ಎಂದು ಇಂಥ ಪ್ಯಾಕೆಟ್ ಮೇಲೆ ಬರೆಯಬೇಕೆಂಬ ನಿಯಮವೇ ನಮ್ಮ ದೇಶದಲ್ಲಿದೆ. ಅಕ್ಷರ ಸಣ್ಣದಿರುತ್ತದೆ, ಮೊಬೈಲ್‌ನಲ್ಲಿ ಫೋಟೊ ತೆಗೆದು ದೊಡ್ಡದು ಮಾಡಿ ಓದಿ.

ವರಾಹಮಿಹಿರನಿಂದ ಶ್ಯೂಲರ್‌ವರೆಗೆ ಎಲ್ಲರೂ ತಲೆ ಕೆಡಿಸಿಕೊಂಡದ್ದು ಬಣ್ಣ ನಿಲ್ಲಿಸುವುದಕ್ಕೆ. ಹಾಗೆ ನಿಲ್ಲಿಸಿದ್ದು ಹತ್ತು ರೂಪಾಯಿಯ ಪುಡಿಗೆ ಬಿಡುವುದಿಲ್ಲ. ಮೊಬೈಲ್‌ನಲ್ಲಿ ಯಾರಾದರೂ ಬ್ಲೀಚ್ ಹಚ್ಚಿ ಎಂದರೆ, ಯಾವ ಬ್ಲೀಚ್ ಎಂದು ಒಂದು ಮಾತು ಕಟಿಂಗ್ ಅಂಗಡಿಯಲ್ಲಿ ಕೇಳಿ. ಕೇಳುವುದಕ್ಕೆ ದುಡ್ಡು ಬೇಡ.