ನಡುಗಡ್ಡೆಯಲ್ಲಿ ಬಿಡಾರ ಹೂಡಿದವರು

ಹೋದ ಡಿಸೆಂಬರಿನಲ್ಲಿ ನಾವು ಎಂಟು ಜನ ಸಹಪಾಠಿಗಳು ಬೆನ್ನಿಗೆ ಬ್ಯಾಗು ಹಾಕಿಕೊಂಡು ಕಾರವಾರಕ್ಕೆ ಹೋಗಿದ್ದೆವು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಒಂದೊಂದು ತಾಲ್ಲೂಕಿನಿಂದ ಇಬ್ಬಿಬ್ಬರು. ಬಾಡಿಗೆಗೆ ತಂದ ಎರಡು ಟೆಂಟು, ಒಂದು ಚೀಲ ಮಂಡಕ್ಕಿ, ಜಗಳೂರಿನವರು ಮನೆಯಿಂದ ಕಟ್ಟಿಸಿಕೊಂಡು ಬಂದ ರೊಟ್ಟಿ, ಶೇಂಗಾ ಚಟ್ನಿಪುಡಿ. ಯಾವುದಾದರೂ ಮರಳಿನ ನಡುಗಡ್ಡೆಯಲ್ಲಿ ಒಂದು ರಾತ್ರಿ ಮಲಗಿ ಬರಬೇಕು ಎಂಬುದು ನಮ್ಮ ಆಸೆ. ಹೊಳೆ ಮರಳು ನಮಗೆ ಹೊಸದಲ್ಲ. ಬೇಸಿಗೆಯಲ್ಲಿ ತುಂಗಭದ್ರೆ ಇಳಿದಾಗ ಹೊನ್ನಾಳಿ ಕಡೆ ನಡುಹೊಳೆಯಲ್ಲೇ ಮರಳಿನ ದಿಬ್ಬಗಳು ಏಳುತ್ತಿದ್ದವು. ಆ ಮರಳು ಎಷ್ಟೋ ಪಾಲು ಲಾರಿ ಹತ್ತಿ ಹೋಯಿತು, ಅದು ಬೇರೆ ಕಥೆ.

ಕಾಳಿ ನದಿ ಸಮುದ್ರ ಸೇರುವ ಕೋಡಿಬಾಗದಲ್ಲಿ ದೋಣಿಯವರೊಬ್ಬರನ್ನು ಕೇಳಿದೆವು. ‘ಹಗಲು ಕರ್ಕೊಂಡು ಹೋಗಿ ತೋರ್ಸ್ತೆ. ರಾತ್ರಿ ಬಿಟ್ಟು ಬರೂದಿಲ್ಲ’ ಎಂದರು. ಯಾಕಣ್ಣ ಎಂದು ಕೇಳಿದರೆ, ‘ಕುಡಿಯೂ ನೀರು ಎಷ್ಟು ತಂದೀರಿ, ಅದು ಹೇಳಿ ಮೊದ್ಲು’ ಎಂದು ನಮಗೇ ತಿರುಗಿ ಕೇಳಿದರು. ಎಂಟು ಜನಕ್ಕೆ ಎರಡು ಲೀಟರಿನ ನಾಲ್ಕು ಬಾಟಲಿ. ಅದರಲ್ಲಿ ಎರಡು ಆಗಲೇ ಖಾಲಿ. ಟ್ಯಾಂಕರಿಗೆ ಕಾದು ಬೆಳೆದ ಜಗಳೂರಿನ ಗೆಳೆಯರು ತಲೆ ತಗ್ಗಿಸಿದರು.

ನಡುಗಡ್ಡೆಯಲ್ಲಿ ಮಲಗುವುದು ಆಗಲಿಲ್ಲ. ಆದರೆ ಆ ಪ್ರಶ್ನೆ ತಲೆಯಲ್ಲಿ ಉಳಿಯಿತು. ನಮಗಿಂತ ಮುಂಚೆ ಈ ಕರಾವಳಿಯ ನಡುಗಡ್ಡೆಗಳಲ್ಲಿ ಗುಂಪುಗುಂಪಾಗಿ ಬಿಡಾರ ಹೂಡಿದವರು ಯಾರು, ಅವರ ನೀರು ಅನ್ನ ಎಲ್ಲಿಂದ ಬಂತು ಎಂದು ಹುಡುಕುತ್ತಾ ಹೋದಾಗ ಸಿಕ್ಕಿದ್ದು ಅಂಜದೀಪದ ಕಥೆ.

ಅಂಜದೀಪ, ಅಂಜುದೀವ್, ಅಂಜೆದಿವಾ ಎಂದು ಬಾಯಿಂದ ಬಾಯಿಗೆ ಹೆಸರು ಬದಲಾಗುತ್ತದೆ. ಕಾರವಾರದ ದಕ್ಷಿಣಕ್ಕೆ ಬಿಣಗಾದ ಎದುರಿನ ಸಮುದ್ರದಲ್ಲಿದೆ. ಸುಮಾರು ಒಂದೂವರೆ ಚದರ ಕಿಲೋಮೀಟರಿನ ಕಲ್ಲುಗುಡ್ಡ, ಅಂಚಿನಲ್ಲಿ ಅಲ್ಲಲ್ಲಿ ಮರಳಿನ ದಂಡೆ. ನಮ್ಮ ದಡಕ್ಕೆ ಇಷ್ಟು ಹತ್ತಿರವಿದ್ದರೂ ಸರ್ಕಾರಿ ಲೆಕ್ಕದಲ್ಲಿ ಅದು ಗೋವಾಕ್ಕೆ ಸೇರಿದ್ದು. ಯಾಕೆ ಎಂಬುದು ಮುಂದೆ ಗೊತ್ತಾಗುತ್ತದೆ.

1498ರ ಸೆಪ್ಟೆಂಬರ್ ಕೊನೆಯಲ್ಲಿ ವಾಸ್ಕೋ ಡ ಗಾಮ ಕಲ್ಲಿಕೋಟೆಯಿಂದ ವಾಪಸ್ ಹೋಗುವಾಗ ಇಲ್ಲಿ ಲಂಗರು ಹಾಕಿದ. ಸುಮಾರು ಹನ್ನೆರಡು ದಿನ ಇದ್ದ. ಹಡಗುಗಳನ್ನು ದಂಡೆಗೆ ಎಳೆಸಿ, ಪಕ್ಕಕ್ಕೆ ವಾಲಿಸಿ, ತಳಕ್ಕೆ ಅಂಟಿದ ಚಿಪ್ಪು ಪಾಚಿ ಕೆರೆಸಿದ. ಮರದ ಹಡಗಿಗೆ ಇದು ಆಗಾಗ ಆಗಲೇಬೇಕಾದ ಕೆಲಸ. ಅದಕ್ಕೆ ಅಲೆ ಕಡಿಮೆ ಇರುವ ಮರಳಿನ ದಂಡೆ ಬೇಕು, ಹತ್ತಿರದಲ್ಲೇ ಸಿಹಿನೀರು ಬೇಕು.

ಸಿಹಿನೀರು ಅಲ್ಲಿತ್ತು. ಅವನ ಜೊತೆಗಿದ್ದವನೊಬ್ಬ ಬರೆದಿಟ್ಟ ದಿನಚರಿ ಉಳಿದುಕೊಂಡಿದೆ. ಆ ಪ್ರಕಾರ ನಡುಗಡ್ಡೆಯಲ್ಲಿ ಕಲ್ಲಿನ ಕಟ್ಟಡವೊಂದು ಹಾಳಾಗಿ ಬಿದ್ದಿತ್ತು. ಉಳಿದ ಒಂದು ಗುಡಿಗೆ ಹುಲ್ಲಿನ ಹೊದಿಕೆ, ಒಳಗೆ ಕಪ್ಪು ಕಲ್ಲುಗಳಿಗೆ ಪೂಜೆ. ಎದುರಿಗೆ ಕೆತ್ತಿದ ಕಲ್ಲಿನಿಂದ ಕಟ್ಟಿದ ಕೊಳ, ಗುಡ್ಡದ ಮೇಲೆ ಇನ್ನೂ ಆಳದ ಮತ್ತೊಂದು ಕೊಳ. ಅಂದರೆ ಪರಂಗಿಯವರು ಬರುವ ಎಷ್ಟೋ ಮೊದಲೇ ಯಾರೋ ನಮ್ಮವರು ಅಲ್ಲಿಗೆ ದೋಣಿಯಲ್ಲಿ ಹೋಗಿ, ಮಳೆನೀರು ಹಿಡಿಯುವುದಕ್ಕೆ ಕಲ್ಲು ಕಟ್ಟಿ, ಪಕ್ಕದಲ್ಲಿ ದೇವರನ್ನೂ ಕೂರಿಸಿದ್ದರು. ಅಂಕೋಲೆಯ ಆರ್ಯಾದುರ್ಗೆ ಮೂಲದಲ್ಲಿ ಈ ನಡುಗಡ್ಡೆಯ ದೇವಿ, ಆಮೇಲೆ ದಡಕ್ಕೆ ಬಂದಳು ಎಂದು ಆ ಕಡೆಯ ಜನ ಇಂದಿಗೂ ಹೇಳುತ್ತಾರೆ. ಸೂಳೆಕೆರೆಯ ಏರಿ ಮೇಲೆ ಓಡಾಡಿದ ನಮಗೆ ಇದು ಬೇಗ ಅರ್ಥವಾಯಿತು. ಕೆರೆ ಇದ್ದಲ್ಲಿ ಊರು, ಊರಿದ್ದಲ್ಲಿ ದೇವರು.

ಗಾಮನ ಗುಂಪು ಕುಡಿದದ್ದು ಆ ಕೊಳದ ನೀರನ್ನು. ಹನ್ನೆರಡು ದಿನಕ್ಕೆ ಅದು ಸಾಕಾಯಿತು.

1505ರಲ್ಲಿ ಪೋರ್ಚುಗೀಸರ ಅಲ್ಮೇಡಾ ಬಂದು ಇಲ್ಲಿ ಕೋಟೆಯನ್ನೇ ಕಟ್ಟಿಸಲು ಶುರು ಮಾಡಿದ. ಮರುವರ್ಷವೇ ಅವರೇ ಅದನ್ನು ಕೆಡವಿ ಬಿಟ್ಟು ಹೋದರು. ಬಿಜಾಪುರದ ಕಡೆಯವರ ದಾಳಿ, ದೂರದಿಂದ ಸಾಮಾನು ತರಿಸುವ ಕಷ್ಟ, ಎರಡೂ ಇತ್ತು. ಆಮೇಲೆ ಒಂದೂವರೆ ಶತಮಾನ ಅಲ್ಲಿ ದೊಡ್ಡ ಬಿಡಾರ ಯಾವುದೂ ನಿಲ್ಲಲಿಲ್ಲ.

ಮುಂದೆ ಬಂದವರ ಕಥೆ ಕೇಳಿ.

1661ರಲ್ಲಿ ಇಂಗ್ಲೆಂಡಿನ ದೊರೆ ಎರಡನೇ ಚಾರ್ಲ್ಸ್‌ಗೂ ಪೋರ್ಚುಗಲ್ಲಿನ ರಾಜಕುಮಾರಿ ಕ್ಯಾಥರೀನ್‌ಗೂ ಮದುವೆ ಒಪ್ಪಂದವಾಯಿತು. ವರದಕ್ಷಿಣೆಯ ಪಟ್ಟಿಯಲ್ಲಿ ಮುಂಬಯಿ ದ್ವೀಪವೂ ಇತ್ತು. ಅದನ್ನು ವಶಕ್ಕೆ ತೆಗೆದುಕೊಳ್ಳಲು ಮರುವರ್ಷ ಸರ್ ಅಬ್ರಹಾಂ ಶಿಪ್‌ಮನ್ ಎಂಬವನ ಕೈಕೆಳಗೆ ಸುಮಾರು 500 ಸಿಪಾಯಿಗಳನ್ನು ಹಡಗು ಹತ್ತಿಸಿ ಕಳಿಸಿದರು. 1662ರ ಮಳೆಗಾಲ ಮುಗಿಯುವ ಹೊತ್ತಿಗೆ ಮುಂಬಯಿ ಮುಟ್ಟಿದರೆ, ಅಲ್ಲಿನ ಪೋರ್ಚುಗೀಸ್ ಅಧಿಕಾರಿಗಳು ಕಾಗದಪತ್ರ ಸರಿಯಿಲ್ಲ, ಕೊಡುವುದಿಲ್ಲ ಎಂದುಬಿಟ್ಟರು. ಪಹಣಿಯಲ್ಲಿ ಒಂದಕ್ಷರ ತಪ್ಪಿದ್ದಕ್ಕೆ ತಾಲ್ಲೂಕು ಕಚೇರಿ ಅಲೆದವರಿಗೆ ಈ ಸಂಕಟ ಗೊತ್ತು. ದೊರೆಯ ಸಹಿ ಇದ್ದ ಕಾಗದಕ್ಕೇ ಹೀಗಾಗಿತ್ತು!

ಸಿಪಾಯಿಗಳನ್ನು ಸೂರತ್ತಿನಲ್ಲಿ ಇಳಿಸೋಣ ಎಂದರೆ ಅಲ್ಲಿದ್ದ ಈಸ್ಟ್ ಇಂಡಿಯಾ ಕಂಪನಿಯ ಸ್ವಂತ ಇಂಗ್ಲಿಷರೇ ಕೈ ಮುಗಿದರು. ಇಷ್ಟು ಸೈನ್ಯ ಇಳಿದರೆ ಮೊಗಲರು ಸಿಟ್ಟಾಗುತ್ತಾರೆ, ನಮ್ಮ ವ್ಯಾಪಾರ ಹಾಳಾಗುತ್ತದೆ, ದಯವಿಟ್ಟು ಹೋಗಿ ಎಂದರು. ಹಡಗಿನವರಿಗೂ ಇವರನ್ನು ಸುಮ್ಮನೆ ಹೊತ್ತು ತಿರುಗುವ ಮನಸ್ಸಿಲ್ಲ. ಯಾರಿಗೂ ಬೇಡವಾದ 500 ಜನರನ್ನು ಕೊನೆಗೆ ತಂದು ಇಳಿಸಿದ್ದು ಅಂಜದೀಪದಲ್ಲಿ.

ಇಂಗ್ಲೆಂಡಿಗೆ ಪತ್ರ ಹೋಗಿ ಉತ್ತರ ಬರಲು ವರ್ಷ ಹಿಡಿಯುತ್ತಿದ್ದ ಕಾಲ. ಕೆಲವು ದಿನಕ್ಕೆ ಎಂದು ಹಾಕಿದ ಬಿಡಾರ ಎರಡು ವರ್ಷ ಬೆಳೆಯಿತು. ಎರಡು ಮಳೆಗಾಲ. ಕಾರವಾರದ ಮಳೆ ವರ್ಷಕ್ಕೆ ಸುಮಾರು 3000 ಮಿಲಿಮೀಟರ್. ಜಗಳೂರಿನಲ್ಲಿ ಅದರ ಐದನೇ ಒಂದು ಪಾಲು ಬಂದರೆ ಒಳ್ಳೆಯ ವರ್ಷ ಎನ್ನುತ್ತೇವೆ. ಜೂನಿನಿಂದ ಸೆಪ್ಟೆಂಬರಿನವರೆಗೆ ಸಮುದ್ರ ಎದ್ದು ನಿಂತರೆ ದೋಣಿ ಹಾಕುವಂತಿಲ್ಲ. ದಡದ ಮರಗಳು ಕಣ್ಣಿಗೆ ಕಾಣುತ್ತವೆ, ಅಲ್ಲಿಂದ ಒಂದು ಹಿಡಿ ಅಕ್ಕಿ ಬರುವುದಿಲ್ಲ. ಸರಿಯಾದ ಸೂರಿಲ್ಲ, ಒಗ್ಗದ ಹವೆ, ಹೊಟ್ಟೆಗೆ ಹಿಡಿಸದ ಊಟ, ಅದೂ ಸಾಲದು. ಒಬ್ಬೊಬ್ಬರಾಗಿ ಕಾಯಿಲೆ ಬಿದ್ದು ಸಾಯತೊಡಗಿದರು. ಕೊಳವಿತ್ತು, ನೀರಿತ್ತು. ಆದರೆ ನೂರಾರು ಜನ ವರ್ಷಗಟ್ಟಲೆ ಅದೇ ಕಿರಿದಾದ ಜಾಗದಲ್ಲಿ ಉಂಡು, ಮಲಗಿ, ಹೊರಗೆ ಕೂತರೆ ಆ ನೀರು ಹೇಗಿದ್ದೀತು? ಇದು ನಮ್ಮ ಊಹೆ. ಆದರೆ ಜಾತ್ರೆ ಮುಗಿದ ಮೂರನೇ ದಿನ ಊರಿನ ಹೊಂಡ ನೋಡಿದವರು ಈ ಊಹೆಯನ್ನು ತಳ್ಳಿಹಾಕಲಾರರು.

1664ರ ಏಪ್ರಿಲ್‌ನಲ್ಲಿ ಶಿಪ್‌ಮನ್ ಸತ್ತ. ಆ ವರ್ಷದೊಳಗೆ ಸತ್ತವರ ಲೆಕ್ಕ 381 ಎಂದು ಇತಿಹಾಸದ ಪುಸ್ತಕಗಳು ಕೊಡುತ್ತವೆ. ಶತ್ರು ಎಂಬುವವನು ಒಂದು ಗುಂಡನ್ನೂ ಹಾರಿಸಿರಲಿಲ್ಲ. ಅವನ ಕಾರ್ಯದರ್ಶಿಯಾಗಿದ್ದ ಹಂಫ್ರಿ ಕುಕ್ ಉಳಿದ ನೂರು ಚಿಲ್ಲರೆ ಜನರನ್ನು ಕಟ್ಟಿಕೊಂಡು, ಪೋರ್ಚುಗೀಸರು ಹೇಳಿದ ಷರತ್ತಿಗೆಲ್ಲ ಹೂಂಗುಟ್ಟಿ, 1665ರ ಫೆಬ್ರುವರಿಯಲ್ಲಿ ಮುಂಬಯಿಯನ್ನು ವಶಕ್ಕೆ ತೆಗೆದುಕೊಂಡ. ಮೂರು ವರ್ಷದ ನಂತರ, 1668ರಲ್ಲಿ, ದೊರೆ ಅದೇ ಮುಂಬಯಿಯನ್ನು ವರ್ಷಕ್ಕೆ ಹತ್ತು ಪೌಂಡ್ ಬಾಡಿಗೆಗೆ ಕಂಪನಿಗೆ ಕೊಟ್ಟುಬಿಟ್ಟ. ಹತ್ತು ಪೌಂಡಿನ ಊರಿಗಾಗಿ ಅಷ್ಟು ಜನ.

ಸತ್ತವರಲ್ಲಿ ಹೆಚ್ಚಿನವರ ಹೆಸರೂ ನಮಗೆ ಸಿಗಲಿಲ್ಲ. ಹೊಟ್ಟೆಪಾಡಿಗೆ ಸಿಪಾಯಿ ಕೆಲಸಕ್ಕೆ ಸೇರಿ, ಎಲ್ಲಿಗೆ ಹೋಗುತ್ತಿದ್ದೇವೆ ಎಂದು ಸರಿಯಾಗಿ ತಿಳಿಯದೆ ಹಡಗು ಹತ್ತಿದ ಬಡ ಹುಡುಗರೇ ಅವರಲ್ಲಿ ಬಹಳ ಮಂದಿ ಇದ್ದಿರಬೇಕು. ಇಂಗ್ಲಿಷರು ಎಂದರೆ ನಾವು ಆಳಿದವರನ್ನಷ್ಟೇ ನೆನೆಯುತ್ತೇವೆ. ಆ ಕಾಲಕ್ಕೆ ನಮ್ಮ ಚನ್ನಗಿರಿಗೆ ಚನ್ನಗಿರಿ ಎಂಬ ಹೆಸರೂ ಬಂದಿರಲಿಕ್ಕಿಲ್ಲ. ಊರಿಗೆ ಹೆಸರು ಕೊಟ್ಟಳು ಎನ್ನುವ ಕೆಳದಿಯ ಚೆನ್ನಮ್ಮಾಜಿ ಪಟ್ಟಕ್ಕೆ ಬಂದದ್ದು 1670ರ ದಶಕದಲ್ಲಿ.

1682ರಲ್ಲಿ ಪೋರ್ಚುಗೀಸರು ಮತ್ತೆ ಬಂದು ಗಟ್ಟಿಯಾದ ಕೋಟೆ ಕಟ್ಟಿದರು. ಈ ಸಲ ಬಿಟ್ಟು ಹೋಗಲಿಲ್ಲ. ಅದಕ್ಕೇ ಕಾರವಾರದ ಮುಂದಿನ ನಡುಗಡ್ಡೆ ಇಂದಿಗೂ ಗೋವಾದ ಲೆಕ್ಕದಲ್ಲಿದೆ. 1961ರ ನವೆಂಬರಿನಲ್ಲಿ ಅಲ್ಲಿಂದ ನಮ್ಮ ಪ್ರಯಾಣಿಕರ ಹಡಗು ‘ಸಾಬರ್ಮತಿ’ಯ ಮೇಲೆ ಗುಂಡು ಹಾರಿತು. ಡಿಸೆಂಬರ್ 18ರಂದು ನೌಕಾಪಡೆಯ ‘ತ್ರಿಶೂಲ್’ ಮತ್ತು ‘ಮೈಸೂರು’ ಹಡಗುಗಳು ಬಂದವು. ನಾವಿಕರು ದಂಡೆಗೆ ಇಳಿದರು. ಮರುದಿನ ನಡುಗಡ್ಡೆ ನಮ್ಮದಾಯಿತು, ಆದರೆ ನೌಕಾಪಡೆಯ ಏಳು ಮಂದಿ ತೀರಿಕೊಂಡಿದ್ದರು. ಈಗ ಅಂಜದೀಪ ಕದಂಬ ನೌಕಾನೆಲೆಯೊಳಗೆ ಸೇರಿದೆ. ನೆಲೆಗೆ ಜಾಗ ಬಿಟ್ಟುಕೊಟ್ಟ ಅರ್ಗಾ, ಬಿಣಗಾ ಸುತ್ತಿನ ಹಳ್ಳಿಯವರ ಪರಿಹಾರದ ಹೋರಾಟ ವರ್ಷಗಟ್ಟಲೆ ನಡೆಯಿತು. ನಾವೂ ನೀವೂ ಅಲ್ಲಿಗೆ ಕಾಲಿಡುವಂತಿಲ್ಲ.

ಇಲ್ಲಿ ಒಂದು ಒಳ್ಳೆಯ ಪ್ರವಾಸದ ನೆನಪನ್ನೂ ಹೇಳಬೇಕು. 1880ರ ದಶಕದ ಆರಂಭದಲ್ಲಿ, ಇಪ್ಪತ್ತೊಂದೋ ಇಪ್ಪತ್ತೆರಡೋ ವಯಸ್ಸಿನ ರವೀಂದ್ರನಾಥ ಟ್ಯಾಗೋರ್ ಕಾರವಾರದಲ್ಲಿ ಜಡ್ಜ್ ಆಗಿದ್ದ ಅಣ್ಣ ಸತ್ಯೇಂದ್ರನಾಥರ ಮನೆಗೆ ಬಂದಿದ್ದರು. ಒಂದು ಬೆಳದಿಂಗಳ ಸಂಜೆ ಗುಂಪಾಗಿ ಕಾಳಿ ನದಿಯಲ್ಲಿ ದೋಣಿ ಹತ್ತಿ ಮೇಲಕ್ಕೆ ಹೋದರು. ಗುಡ್ಡದ ಕೋಟೆ ನೋಡಿದರು, ರೈತನೊಬ್ಬನ ಗುಡಿಸಿದ ಅಂಗಳದಲ್ಲಿ ಕೂತು ತಂದಿದ್ದ ಬುತ್ತಿ ಬಿಚ್ಚಿ ಉಂಡರು. ವಾಪಸ್ ಬರುವಾಗ ನದಿಯ ಬಾಯಿ ತಲುಪುವಷ್ಟರಲ್ಲಿ ತಡವಾಗಿತ್ತು. ರಾತ್ರಿ ಸಮುದ್ರಕ್ಕೆ ದೋಣಿ ಬಿಡಲಿಲ್ಲ, ಅಲ್ಲೇ ಇಳಿದು ಮರಳಿನ ಮೇಲೆ ನಡೆದು ಮನೆ ಸೇರಿದರು. ತಮ್ಮ ನೆನಪಿನ ಪುಸ್ತಕದಲ್ಲಿ ಕವಿ ಬರೆದದ್ದು ಆ ಬೆಳದಿಂಗಳ ಮರಳನ್ನು. ನಮಗೆ ಹೆಚ್ಚು ಹಿಡಿಸಿದ್ದು ರೈತನ ಅಂಗಳ, ಆಮೇಲೆ ಕತ್ತಲಲ್ಲಿ ದೋಣಿ ಬಿಟ್ಟು ನಡೆದ ಆ ಬುದ್ಧಿ.

ನಮ್ಮ ಕಡೆಯವರು ನಡುಗಡ್ಡೆಗೆ ಹೋಗುವುದು ಹೆಚ್ಚಾಗಿ ದೇವರಿಗಾಗಿ. ಕಾರವಾರದ ಎದುರಿನ ಕೂರ್ಮಗಡದಲ್ಲಿ ನರಸಿಂಹ ದೇವರ ಜಾತ್ರೆ ಜನವರಿಯ ಹುಣ್ಣಿಮೆಯ ಸುಮಾರಿಗೆ ಆಗುತ್ತದೆ. ದಿನವೆಲ್ಲ ದೋಣಿಗಳು ಹೋಗಿ ಬರುತ್ತವೆ. 2019ರ ಜನವರಿ 21ರಂದು ಜಾತ್ರೆ ಮುಗಿಸಿ ಬರುತ್ತಿದ್ದ ದೋಣಿಯೊಂದು ಮಗುಚಿ 16 ಜನ ಮುಳುಗಿ ಸತ್ತರು. ಅವರಲ್ಲಿ ಬಹಳ ಮಂದಿ ಹಾವೇರಿ ಜಿಲ್ಲೆಯ ಶಿಗ್ಗಾಂವಿ ತಾಲ್ಲೂಕಿನವರು, ಒಂದೇ ಬಳಗದವರು, ಮಕ್ಕಳೂ ಇದ್ದರು. ಅಳತೆ ಮೀರಿ ಜನ ಹತ್ತಿದ್ದರು, ಬಹುತೇಕರು ಲೈಫ್ ಜಾಕೆಟ್ ಹಾಕಿರಲಿಲ್ಲ ಎಂದು ಆಗಿನ ವರದಿಗಳು ಹೇಳಿದವು. ಹಾವೇರಿ ಎಂದರೆ ಹೊನ್ನಾಳಿಯ ಪಕ್ಕದ ಜಿಲ್ಲೆ. ಹೆಣ್ಣು ಕೊಟ್ಟು ತಂದ ನಂಟು. ನಮ್ಮ ಹಾಗೇ ಕೆರೆ, ಹೊಳೆ ನೋಡಿ ಬೆಳೆದವರು. ಹೊಳೆಯಲ್ಲಿ ಈಜು ಬಂದರೂ ಸಮುದ್ರದ ಸೆಳೆತವೇ ಬೇರೆ.

ಕೋಡಿಬಾಗದ ಆ ಯಜಮಾನರು ಮರುದಿನ ಬೆಳಿಗ್ಗೆ ನಮ್ಮನ್ನು ಕೂರ್ಮಗಡದ ಸುತ್ತ ಕರೆದುಕೊಂಡು ಹೋದರು. ಹೊರಡುವ ಮುಂಚೆ ಎಂಟು ಜಾಕೆಟ್ ಕೊಟ್ಟರು. ಬಣ್ಣ ಮಾಸಿ, ಬೆವರು ವಾಸನೆ ಹೊಡೆಯುತ್ತಿದ್ದವು. ನ್ಯಾಮತಿಯ ಗೆಳೆಯ ಅದನ್ನು ತೊಡೆಯ ಮೇಲೆ ಇಟ್ಟುಕೊಂಡು ಮೊಬೈಲ್ ತೆಗೆದ, ಫೋಟೊ ಚೆನ್ನಾಗಿ ಬರಲಿ ಎಂದು. ಯಜಮಾನರು ಬೈಯಲಿಲ್ಲ. ಇಂಜಿನ್ ಹಗ್ಗ ಬಿಟ್ಟು, ಬೀಡಿ ಹಚ್ಚಿ, ಸಮುದ್ರದ ಕಡೆ ಮುಖ ಮಾಡಿ ಸುಮ್ಮನೆ ಕೂತರು. ಐದು ನಿಮಿಷ ಆದ ಮೇಲೆ ಗೆಳೆಯನಿಗೆ ಗೊತ್ತಾಯಿತು. ಅವನು ಜಾಕೆಟ್ಟಿನ ಕೊನೆಯ ಬಕಲ್ ಹಾಕಿದ ಮೇಲೆಯೇ ದೋಣಿ ದಡ ಬಿಟ್ಟಿದ್ದು.