ಏರುತ್ತಲೇ ಹೋಗುವ ಜಾಕ್‌ಪಾಟ್: ಆಟಗಾರನನ್ನು ಉಳಿಸಿಕೊಳ್ಳುವ ಲೆಕ್ಕಾಚಾರ

ವಿದೇಶಗಳ ಆನ್‌ಲೈನ್ ಜೂಜಿನ ತಾಣಗಳಲ್ಲಿ ಕ್ಷಣಕ್ಷಣಕ್ಕೂ ಏರುವ ಭಾರಿ ಮೊತ್ತವೊಂದು ಕಣ್ಣಿಗೆ ರಾಚುವಂತೆ ಮಿನುಗುತ್ತಿರುತ್ತದೆ. ಅದೇ ಪ್ರೋಗ್ರೆಸಿವ್ ಜಾಕ್‌ಪಾಟ್. ಆಟಗಾರರು ಕಟ್ಟುವ ಪ್ರತಿಯೊಂದು ಪಣದಿಂದಲೂ ಚಿಕ್ಕದೊಂದು ಪಾಲನ್ನು ತೆಗೆದು ಒಂದೇ ನಿಧಿಗೆ ಸೇರಿಸುತ್ತಾ ಹೋಗಲಾಗುತ್ತದೆ. ಯಾರಿಗಾದರೂ ಬಹುಮಾನ ಬಿದ್ದೊಡನೆ ಮೊತ್ತ ಆರಂಭದ ಅಂಕಿಗೆ ಇಳಿದು, ಮತ್ತೆ ಏರತೊಡಗುತ್ತದೆ. ಸಂಸ್ಥೆಯ ಔದಾರ್ಯದಂತೆ ತೋರುವ ಈ ಬಹುಮಾನ ವಾಸ್ತವದಲ್ಲಿ ಸೋತವರದೇ ಹಣ. ಒಬ್ಬನನ್ನು ಕೋಟ್ಯಧಿಪತಿಯನ್ನಾಗಿಸುವುದಕ್ಕಿಂತ, ಉಳಿದವರೆಲ್ಲರೂ ನಾಳೆಯೂ ಬರುವಂತೆ ಮಾಡುವುದೇ ಇದರಿಂದ ಉದ್ಯಮಕ್ಕಿರುವ ಮುಖ್ಯ ಪ್ರಯೋಜನ.

ನೆವಾಡಾದಿಂದ ಅಂತರಜಾಲಕ್ಕೆ

ಅಮೆರಿಕದ ಐಜಿಟಿ ಸಂಸ್ಥೆ 1986ರಲ್ಲಿ ನೆವಾಡಾ ರಾಜ್ಯದ ಹಲವು ಕ್ಯಾಸಿನೊಗಳ ಸ್ಲಾಟ್ ಯಂತ್ರಗಳನ್ನು ಒಂದೇ ಜಾಲಕ್ಕೆ ಜೋಡಿಸಿ ‘ಮೆಗಾಬಕ್ಸ್’ ಆರಂಭಿಸಿತು. 2003ರ ಮಾರ್ಚ್‌ನಲ್ಲಿ ಲಾಸ್ ವೇಗಸ್‌ನ ಎಕ್ಸ್‌ಕ್ಯಾಲಿಬರ್ ಕ್ಯಾಸಿನೊದಲ್ಲಿ 25 ವರ್ಷದ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರಿಗೆ ಈ ಆಟದಲ್ಲಿ ಸುಮಾರು 3.97 ಕೋಟಿ ಡಾಲರ್ ಬಂದಿತು. ಮೈಕ್ರೋಗೇಮಿಂಗ್ ಸಂಸ್ಥೆ 1998ರಲ್ಲಿ ‘ಕ್ಯಾಶ್ ಸ್ಪ್ಲಾಶ್’ ಮೂಲಕ ಇದೇ ತಂತ್ರವನ್ನು ಅಂತರಜಾಲಕ್ಕೆ ತಂದಿತು. 2006ರಲ್ಲಿ ಅದು ಹೊರತಂದ ‘ಮೆಗಾ ಮೂಲಾ’ ಇನ್ನೂ ಹೆಸರುವಾಸಿಯಾಯಿತು. 2015ರಲ್ಲಿ ಬ್ರಿಟನ್ನಿನ ಸೈನಿಕರೊಬ್ಬರು ಈ ಆಟದಲ್ಲಿ ಕೇವಲ 25 ಪೆನ್ಸ್ ಪಣಕ್ಕೆ 1.32 ಕೋಟಿ ಪೌಂಡ್ ಗೆದ್ದ ಸುದ್ದಿ ಜಗತ್ತಿನಾದ್ಯಂತ ಪ್ರಕಟವಾಯಿತು. ಜಾಹೀರಾತಿಗೆ ಎಷ್ಟು ಸುರಿದರೂ ಇಂಥ ಪ್ರಚಾರ ದೊರೆಯುವುದು ಕಷ್ಟ.

ಆದರೆ ಗೆಲುವಿನ ಸುದ್ದಿಯಲ್ಲಿ ಒಂದು ಲೆಕ್ಕ ಬರುವುದಿಲ್ಲ. ಸಾಮಾನ್ಯ ಆನ್‌ಲೈನ್ ಸ್ಲಾಟ್ ಆಟಗಳು ಕಟ್ಟಿದ ಪಣದಲ್ಲಿ ಸರಾಸರಿ ಶೇ 96ರ ಆಸುಪಾಸಿನಷ್ಟನ್ನು ಆಟಗಾರರಿಗೆ ಮರಳಿಸುತ್ತವೆ. ಮೆಗಾ ಮೂಲಾದಲ್ಲಿ ಜಾಕ್‌ಪಾಟ್ ಹೊರತುಪಡಿಸಿದರೆ ಮರಳುವುದು ಸುಮಾರು ಶೇ 88 ಮಾತ್ರ. ಪ್ರತಿ ಸಲ 10 ರೂಪಾಯಿಯಂತೆ ಗಂಟೆಗೆ 600 ಸಲ ಆಡಿದರೆ ಒಟ್ಟು ಪಣ 6,000 ರೂಪಾಯಿ ಎಂದಿಟ್ಟುಕೊಳ್ಳೋಣ. ಮೊದಲನೆಯ ಬಗೆಯ ಆಟದಲ್ಲಿ ಸರಾಸರಿ ನಷ್ಟ 240 ರೂಪಾಯಿ; ಎರಡನೆಯದರಲ್ಲಿ 720. ಜಾಕ್‌ಪಾಟ್ ಬೀಳದವನು, ಅಂದರೆ ಹೆಚ್ಚುಕಡಿಮೆ ಪ್ರತಿಯೊಬ್ಬನೂ, ಮೂರು ಪಟ್ಟು ಬೇಗ ಬರಿಗೈಯಾಗುತ್ತಾನೆ.

ಹಾಗಿದ್ದೂ ಆತ ಏಕೆ ಎದ್ದು ಹೋಗುವುದಿಲ್ಲ? ಯಾವಾಗ ಸಿಗುವುದೆಂದು ಗೊತ್ತಿರದ ಪ್ರತಿಫಲವೇ ಜೀವಿಯನ್ನು ಅತಿ ಹೆಚ್ಚು ಕಾಲ ಕೆಲಸಕ್ಕೆ ಹಚ್ಚುತ್ತದೆ ಎಂಬುದನ್ನು ಮನೋವಿಜ್ಞಾನಿ ಬಿ.ಎಫ್. ಸ್ಕಿನ್ನರ್ ಪಾರಿವಾಳಗಳ ಮೇಲಿನ ಪ್ರಯೋಗಗಳಿಂದ ತೋರಿಸಿದ್ದರು. ಮೆಗಾ ಮೂಲಾದಲ್ಲಿ ಬಹುಮಾನಕ್ಕೆ ನಾಲ್ಕು ಹಂತಗಳಿವೆ. 10, 100, 10 ಸಾವಿರ ಮತ್ತು 10 ಲಕ್ಷ ಅವುಗಳ ಆರಂಭದ ಮೊತ್ತಗಳು. ಕೆಳಗಿನ ಹಂತಗಳು ಆಗಾಗ ಬೀಳುವುದರಿಂದ ‘ಜಾಕ್‌ಪಾಟ್ ಬಂತು’ ಎಂಬ ಅನುಭವ ಹಲವರಿಗೆ ದೊರೆಯುತ್ತದೆ. ಬಹುಮಾನದ ಚಕ್ರ ದೊಡ್ಡ ಮೊತ್ತದ ಪಕ್ಕದ ಮನೆಯಲ್ಲಿ ನಿಂತರಂತೂ, ಸೋತವನಿಗೆ ಕೂದಲೆಳೆಯಲ್ಲಿ ತಪ್ಪಿತೆಂಬ ಭಾವನೆ. ಇಂಥ ‘ತಪ್ಪಿದ ಗೆಲುವು’ ಇನ್ನೊಮ್ಮೆ ಆಡುವ ಆಸೆಯನ್ನು ಹೆಚ್ಚಿಸುತ್ತದೆ ಎಂದು ಕೇಂಬ್ರಿಡ್ಜ್ ಸಂಶೋಧಕರು 2009ರಲ್ಲಿ ಪ್ರಕಟಿಸಿದ ಅಧ್ಯಯನ ತಿಳಿಸಿದೆ. ಓಸಿ ಚೀಟಿ ಬರೆಸಿದವನು ಅಂಕಿ ಹೊರಬೀಳುವ ತನಕವಾದರೂ ಕಾಯಬೇಕು. ಇಲ್ಲಿ ಕೆಲವೇ ಸೆಕೆಂಡಿಗೊಂದು ಫಲಿತಾಂಶ.

ಮೊತ್ತ ಬಹಳ ಏರಿದೆ, ಇನ್ನು ಬಿದ್ದೇ ಬೀಳುತ್ತದೆ ಎಂಬ ನಂಬಿಕೆ ಮತ್ತೊಂದು ಬಲೆ. ಸಾಮಾನ್ಯ ಪ್ರೋಗ್ರೆಸಿವ್ ಆಟದಲ್ಲಿ ಹಿಂದಿನ ಸೋಲುಗಳಿಗೂ ಮುಂದಿನ ಸಂಭವಕ್ಕೂ ಸಂಬಂಧವಿಲ್ಲ. ಈ ನಂಬಿಕೆಯನ್ನೇ ಬಳಸಿಕೊಂಡು, ನಿಗದಿತ ಗಂಟೆ ಅಥವಾ ಮೊತ್ತದೊಳಗೆ ಖಚಿತವಾಗಿ ಬೀಳುವ ಜಾಕ್‌ಪಾಟ್‌ಗಳೂ ಬಂದಿವೆ. ಅವುಗಳಲ್ಲಿ ಗಡುವು ಸಮೀಪಿಸಿದಂತೆ ಬೀಳುವ ಸಂಭವ ನಿಜಕ್ಕೂ ಹೆಚ್ಚುತ್ತದೆ. ಆದರೆ ಅದೇ ಹೊತ್ತಿಗೆ ಜನಸಂದಣಿಯೂ ಹೆಚ್ಚುವುದರಿಂದ ಒಬ್ಬೊಬ್ಬನ ಪಾಲಿನ ಅದೃಷ್ಟ ಹಂಚಿಹೋಗುತ್ತದೆ.

ಕಾನೂನಿನ ಕಡಿವಾಣ

ಬ್ರಿಟನ್ ಜಾಕ್‌ಪಾಟನ್ನು ನಿಷೇಧಿಸಿಲ್ಲ. ಆಟದ ವೇಗಕ್ಕೆ ಲಗಾಮು ಹಾಕಿದೆ. ತಾನಾಗಿಯೇ ತಿರುಗುತ್ತಿರುವ ಸೌಲಭ್ಯವನ್ನು 2021ರಲ್ಲಿ ರದ್ದುಪಡಿಸಿ, ಪ್ರತಿ ಸುತ್ತಿಗೆ ಕನಿಷ್ಠ 2.5 ಸೆಕೆಂಡು ಕಡ್ಡಾಯಗೊಳಿಸಲಾಯಿತು. 2025ರಲ್ಲಿ ಪ್ರತಿ ಸುತ್ತಿನ ಪಣಕ್ಕೆ 5 ಪೌಂಡ್, 18ರಿಂದ 24 ವರ್ಷದವರಿಗೆ 2 ಪೌಂಡ್ ಮಿತಿ ವಿಧಿಸಲಾಯಿತು.

ಭಾರತ ಹಿಡಿದದ್ದು ಬೇರೆ ದಾರಿ. 2007ರಲ್ಲಿ ಲಾಟರಿ ನಿಷೇಧಿಸಿದ್ದ ಕರ್ನಾಟಕ, 2021ರಲ್ಲಿ ಪೊಲೀಸ್ ಕಾಯ್ದೆಗೆ ತಿದ್ದುಪಡಿ ತಂದು ಹಣ ಕಟ್ಟಿ ಆಡುವ ಆನ್‌ಲೈನ್ ಆಟಗಳನ್ನೂ ತಡೆಯಲು ಯತ್ನಿಸಿತು. 2022ರ ಫೆಬ್ರುವರಿಯಲ್ಲಿ ಹೈಕೋರ್ಟ್ ಆ ತಿದ್ದುಪಡಿಯ ಪ್ರಮುಖ ಅಂಶಗಳನ್ನು ರದ್ದುಗೊಳಿಸಿತು. 2025ರ ಆಗಸ್ಟ್‌ನಲ್ಲಿ ಸಂಸತ್ತು ಅಂಗೀಕರಿಸಿದ ಕಾಯ್ದೆಯು ಹಣ ಕಟ್ಟಿ ಆಡುವ ಎಲ್ಲ ಆನ್‌ಲೈನ್ ಆಟಗಳನ್ನೂ ನಿಷೇಧಿಸುತ್ತದೆ. ಇಂಥ ಆಟ ನಡೆಸುವವರಿಗೆ 3 ವರ್ಷದವರೆಗೆ ಸೆರೆವಾಸ ಹಾಗೂ 1 ಕೋಟಿ ರೂಪಾಯಿವರೆಗೆ ದಂಡ, ಜಾಹೀರಾತು ನೀಡುವವರಿಗೆ 2 ವರ್ಷದವರೆಗೆ ಸೆರೆವಾಸ ಹಾಗೂ 50 ಲಕ್ಷ ರೂಪಾಯಿವರೆಗೆ ದಂಡ ವಿಧಿಸಲು ಅದರಲ್ಲಿ ಅವಕಾಶವಿದೆ. ಇವುಗಳಿಗೆ ಹಣ ವರ್ಗಾಯಿಸದಂತೆ ಬ್ಯಾಂಕುಗಳನ್ನೂ ನಿರ್ಬಂಧಿಸಲಾಗಿದೆ. ಆಡಿ ಹಣ ಕಳೆದುಕೊಂಡವನಿಗೆ ಮಾತ್ರ ಈ ಕಾಯ್ದೆಯಲ್ಲಿ ಶಿಕ್ಷೆಯಿಲ್ಲ.