ಮಾದರಿಯ ಮೂರು ಪಾಲು

1958ರಲ್ಲಿ ಕೇರಳದಲ್ಲಿ ಪ್ಯಾರಾಥಿಯಾನ್ ಎಂಬ ಕೀಟನಾಶಕ ಗೋಧಿ ಹಿಟ್ಟಿಗೆ ಬೆರೆತು ನೂರಕ್ಕೂ ಹೆಚ್ಚು ಜನ ಸತ್ತರು. ಆ ದುರಂತದ ವಿಚಾರಣೆಯ ನಂತರ ರೂಪುಗೊಂಡ ಕೀಟನಾಶಕ ಕಾಯಿದೆಗೆ 1968ರಲ್ಲಿ ಸಂಸತ್ತು ಒಪ್ಪಿಗೆ ನೀಡಿತು. 1971ರಲ್ಲಿ ಅದು ಜಾರಿಗೆ ಬಂತು. ಡಬ್ಬಿಯ ಚೀಟಿಯಲ್ಲಿ ಸುಳ್ಳು ವಿವರ ಬರೆದ ಔಷಧಿಯನ್ನು ಮಾರುವುದೂ ಅಪರಾಧವಾಯಿತು.

ಅಪರಾಧವನ್ನು ಸಾಬೀತುಪಡಿಸುವುದು ಹೇಗೆ? ಇನ್‌ಸ್ಪೆಕ್ಟರು ಅಂಗಡಿಯಿಂದ ಮಾದರಿ ತೆಗೆದು, ಮೂರು ಪಾಲು ಮಾಡಿ, ಮೊಹರು ಹಾಕಬೇಕಿತ್ತು. ಒಂದು ಪಾಲು ಅಂಗಡಿಯವರಿಗೆ, ಒಂದು ವಿಶ್ಲೇಷಕರಿಗೆ, ಮತ್ತೊಂದು ನ್ಯಾಯಾಲಯಕ್ಕೆ. ವಿಶ್ಲೇಷಕರ ವರದಿಯನ್ನು ಒಪ್ಪದ ಆರೋಪಿ 28 ದಿನಗಳೊಳಗೆ ತಿಳಿಸಿದರೆ, ನ್ಯಾಯಾಲಯದ ಪಾಲು ಕೇಂದ್ರ ಪ್ರಯೋಗಾಲಯಕ್ಕೆ ಹೋಗಬಹುದಿತ್ತು.

ತೊಡಕಿದ್ದುದು ಕಾಲದಲ್ಲಿ. ಮೊಕದ್ದಮೆ ಹೂಡಲು ಸರ್ಕಾರದ ಲಿಖಿತ ಒಪ್ಪಿಗೆ ಬೇಕು. ಕಡತ ತಿರುಗುವಷ್ಟರಲ್ಲಿ ಔಷಧಿಯ ಬಳಕೆಯ ಅವಧಿಯೇ ಮುಗಿದರೆ ಮರುಪರೀಕ್ಷೆಗೆ ಅರ್ಥವಿಲ್ಲ. ಹರಿಯಾಣದ ಒಂದು ಪ್ರಕರಣದಲ್ಲಿ ಹೀಗೇ ಆಯಿತು. ಮರುಪರೀಕ್ಷೆಯ ಹಕ್ಕು ಕಳೆದುಹೋದುದರಿಂದ ಮೊಕದ್ದಮೆ ರದ್ದಾದುದು ಸರಿಯೆಂದು 1999ರಲ್ಲಿ ಸುಪ್ರೀಂ ಕೋರ್ಟು ತೀರ್ಪಿತ್ತಿತು. 2000ದ ತಿದ್ದುಪಡಿ ವಿಶ್ಲೇಷಕರ ಗಡುವನ್ನು 60 ದಿನಗಳಿಂದ 30ಕ್ಕೆ ಇಳಿಸಿತು.

ಬೆಳೆ ಕಳೆದುಕೊಂಡ ರೈತನಿಗೂ, ಆರೋಪ ಹೊತ್ತವನಿಗೂ ನ್ಯಾಯ ದೊರೆಯಬೇಕಾದರೆ ಮಾದರಿ ಕೆಡುವ ಮುನ್ನವೇ ಕಡತ ನ್ಯಾಯಾಲಯವನ್ನು ಮುಟ್ಟಬೇಕು. ಈ ಕಾಯಿದೆಯ ಇತಿಹಾಸ ಹೇಳುವ ಪಾಠ ಇದು.